ಇಟಾಲಿಯನ್ನಿನ 'ಬೆಲ್ಲೊ': ಪದೇ ಪದೇ ಕೇಳುವ ಪ್ರಶ್ನೆಗಳು

ಇಟಲಿಗೆ ಓದೋಕೆ ಹೊರಟವರು, ಪೆರೂಜಾದ 'ಚೇಲಿ' ಅಥವಾ ಸಿಯೆನಾದ 'ಚಿಲ್ಸ್' ಅನ್ನುವ ಇಟಾಲಿಯನ್ ಭಾಷಾ ಪರೀಕ್ಷೆಗೆ ತಯಾರಿ ಮಾಡುತ್ತಿರುವವರು, ಸುಮ್ನೆ ಆಸೆಗೆ ಕಲಿಯುತ್ತಿರುವವರು, ಎಲ್ಲರೂ ಈ ಒಂದು ಗುಣವಾಚಕದ ಹತ್ತಿರ ಬಂದು ತಡವರಿಸುತ್ತಾರೆ. ಮೊದಲ ವಾರದಲ್ಲೇ ಸಿಗುವ ಪದ, ಆದರೆ ವರ್ಷ ಕಳೆದರೂ ಪೂರ್ತಿ ಕೈಗೆ ಸಿಗುವುದಿಲ್ಲ. ಪದೇ ಪದೇ ಬರುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಇಟಾಲಿಯನ್ ಪದಗಳನ್ನು ಕಿವಿಗೆ ಕೇಳಿಸುವ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ.

'ಬೆಲ್ಲೊ' ಅಂದರೆ 'ಸುಂದರ' ತಾನೆ? ಅದರಲ್ಲಿ ಕೇಳೋದೇನಿದೆ?

ನಿಘಂಟಿನಲ್ಲಿ ಹಾಗೇ ಇದೆ, ತಪ್ಪೇನಲ್ಲ. ಆದರೆ ಅದೊಂದನ್ನೇ ಹಿಡಿದುಕೊಂಡರೆ ಇಟಲಿಯವರು ಆಡುವ ಅರ್ಧ ಮಾತು ಅರ್ಥವಾಗುವುದಿಲ್ಲ. ಬಿಸಿಲು ಬಂದರೆ ಹವೆ 'ಬೆಲ್ಲೊ', ಸಿನಿಮಾ ಹಿಡಿಸಿದರೆ 'ಬೆಲ್ಲೊ', ದೊಡ್ಡ ಮೊತ್ತದ ದುಡ್ಡು ಬಂದರೆ ಅದೂ 'ಬೆಲ್ಲಾ', ಕೆನ್ನೆಗೆ ಜೋರಾಗಿ ಬಿದ್ದ ಏಟೂ 'ಬೆಲ್ಲೊ'. ಏಟು ಸುಂದರವಾಗಿತ್ತು ಅಂತ ಯಾರು ಹೇಳುತ್ತಾರೆ? ಆದರೆ 'ಒಳ್ಳೆ ಏಟು ಬಿತ್ತು' ಅಂತ ನಾವೂ ಹೇಳುತ್ತೇವಲ್ವಾ. ಹಾಗಾಗಿ ನನ್ನ ಸಲಹೆ ಇಷ್ಟೇ: ತಲೆಯಲ್ಲಿ 'ಸುಂದರ'ದ ಜಾಗಕ್ಕೆ 'ಚಂದ' ಮತ್ತು 'ಒಳ್ಳೆ' ಎರಡನ್ನೂ ಇಟ್ಟುಕೊಳ್ಳಿ. ಮುಂದಿನ ಮುಕ್ಕಾಲು ಪ್ರಶ್ನೆಗಳು ಅಲ್ಲೇ ಮುಗಿಯುತ್ತವೆ.

ಉಚ್ಚಾರಣೆ ನಮ್ಮ ಬೆಲ್ಲದ ಥರಾನೇ?

ಹೆಚ್ಚುಕಡಿಮೆ ಹಾಗೇ. ಇದರಲ್ಲಿ ಕನ್ನಡದವರಿಗೆ ಜಾಸ್ತಿ ಕಷ್ಟವೇ ಇಲ್ಲ. ಇಂಗ್ಲಿಷ್ ಮಾತಾಡುವವರಿಗೆ ಒತ್ತಕ್ಷರ ನಾಲಗೆಗೆ ಬರುವುದಿಲ್ಲ, ಒಂದೇ 'ಲ' ಹೇಳಿಬಿಡುತ್ತಾರೆ. ಆಗ ಅರ್ಥ ಕೆಡುತ್ತದೆ: 'ಲಾ ಪೇಕೊರಾ ಬೇಲಾ' ಅಂದರೆ ಕುರಿ ಬ್ಯಾ ಅನ್ನುತ್ತಿದೆ, 'ಲಾ ಪೇಕೊರಾ ಎ ಬೆಲ್ಲಾ' ಅಂದರೆ ಕುರಿ ಚಂದ ಇದೆ. ಇದೇ ಥರ 'ಕಪೆಲ್ಲೊ' ಅಂದರೆ ಕೂದಲು, 'ಕಪ್ಪೆಲ್ಲೊ' ಅಂದರೆ ಟೋಪಿ. ಕನ್ನಡದಲ್ಲಿ ಒತ್ತಕ್ಷರ ಹೇಗೆ ಹೇಳುತ್ತೀರೋ ಹಾಗೇ ಹೇಳಿ, ಸಾಕು.

ಒಂದೇ ಒಂದು ರೂಪ ಕಾಟ ಕೊಡುತ್ತದೆ, 'ಬೆಲ್ಯಿ'. ಬರವಣಿಗೆಯಲ್ಲಿ ಅದರೊಳಗೆ ಜಿ ಅಕ್ಷರ ಇದೆ, ಆದರೆ 'ಬೆಗ್ಲಿ' ಅಂತ ಓದಬಾರದು. ನಾಲಗೆಯ ನಡುಭಾಗವನ್ನು ಅಂಗುಳಕ್ಕೆ ಒತ್ತಿ 'ಲ್ಯ' ಅನ್ನುವ ಶಬ್ದ ಬರಬೇಕು.

ಒಂದು ಪದಕ್ಕೆ ಎಷ್ಟು ರೂಪ ಇವೆ?

ಎಂಟು. ಬೆಲ್, ಬೆಲ್ಲೊ, ಕೊನೆಯ ಸ್ವರ ಬಿದ್ದುಹೋದ ಬೆಲ್ಲ್, ಬೆಲ್ಲಾ, ಬೆಯ್, ಬೆಲ್ಯಿ, ಬೆಲ್ಲಿ, ಬೆಲ್ಲೆ. ಮಾಮೂಲಿ ಇಟಾಲಿಯನ್ ಗುಣವಾಚಕಕ್ಕೆ ನಾಲ್ಕೇ ರೂಪ: ಗಂಡು ಏಕವಚನ, ಹೆಣ್ಣು ಏಕವಚನ, ಎರಡರ ಬಹುವಚನ. 'ರೊಸ್ಸೊ, ರೊಸ್ಸಾ, ರೊಸ್ಸಿ, ರೊಸ್ಸೆ', ಕೆಂಪು ಮುಗಿಯಿತು. 'ಬೆಲ್ಲೊ' ಮಾತ್ರ ನಾಮಪದದ ಮುಂದೆ ಬಂದು ನಿಂತಾಗ ಹೆಚ್ಚು ವೇಷ ಹಾಕುತ್ತದೆ.

ನಮಗೆ ಇದು ಯಾಕೆ ಹೊಸದು ಅಂದರೆ, ಚಂದದ ಹುಡುಗ, ಚಂದದ ಹುಡುಗಿ, ಚಂದದ ಮನೆಗಳು, ಎಲ್ಲಿ ಹೋದರೂ ಕನ್ನಡದ 'ಚಂದದ' ಅಲ್ಲಾಡುವುದಿಲ್ಲ.

ಸರಿ, ಯಾವುದನ್ನು ಯಾವಾಗ ಬಳಸಬೇಕು?

ಇದೇ ಮುಖ್ಯ ಪ್ರಶ್ನೆ, ಸ್ವಲ್ಪ ತಾಳ್ಮೆಯಿಂದ ಓದಿ. ನಾಮಪದದ ಮುಂದೆ ಬಂದಾಗ 'ಬೆಲ್ಲೊ' ನಿಶ್ಚಿತ ಉಪಪದದ (ಇಂಗ್ಲಿಷಿನ 'ದಿ' ಥರದ್ದು) ದಾರಿಯನ್ನೇ ಹಿಡಿಯುತ್ತದೆ. ಅಂದರೆ 'ಇಲ್, ಲೊ, ಇ, ಲ್ಯಿ' ಇವು ನಿಮಗೆ ಬರುತ್ತಿದ್ದರೆ ಹೊಸದಾಗಿ ಕಲಿಯೋದೇನೂ ಇಲ್ಲ.

'ಇಲ್' ಬರುವ ಕಡೆ 'ಬೆಲ್'. ಇಲ್ ರಗತ್ಸೊ (ಹುಡುಗ), ಹಾಗಾಗಿ ಉನ್ ಬೆಲ್ ರಗತ್ಸೊ (ಒಬ್ಬ ಚಂದದ ಹುಡುಗ; 'ಉನ್' ಅಂದರೆ 'ಒಂದು', 'ಒಬ್ಬ').

'ಲೊ' ಬರುವ ಕಡೆ 'ಬೆಲ್ಲೊ'. ಪದ ಎಸ್ ಜೊತೆ ಇನ್ನೊಂದು ವ್ಯಂಜನದಿಂದ ಶುರುವಾದರೆ, ಅಥವಾ ಝಡ್‌ನಿಂದ, ಅಥವಾ 'ಪ್ಸ', 'ಞ' ಥರದ ಶಬ್ದದಿಂದ ಶುರುವಾದರೆ ಹೀಗೆ. ಲೊ ಸ್ಪೆಕ್ಯೊ (ಕನ್ನಡಿ), ಉನ್ ಬೆಲ್ಲೊ ಸ್ಪೆಕ್ಯೊ. ಲೊ ಜೈನೊ (ಬೆನ್ನಿಗೆ ಹಾಕುವ ಬ್ಯಾಗು), ಉನ್ ಬೆಲ್ಲೊ ಜೈನೊ. ಆ ಬ್ಯಾಗಿನ 'ಜ' ಬರೆಯುವಾಗ ಝಡ್, ಅದಕ್ಕೇ 'ಬೆಲ್ಲೊ'.

ಸ್ವರ ಬಂದರೆ ಕೊನೆಯ 'ಒ' ಬಿದ್ದು ಎರಡೂ ಪದ ಅಂಟಿಕೊಳ್ಳುತ್ತವೆ. ಆಲ್ಬೆರೊ (ಮರ), ಉನ್ ಬೆಲ್ಲಾಲ್ಬೆರೊ. ಬರೆಯುವಾಗ ನಡುವೆ ಮೇಲ್ಗಡೆ ಒಂದು ಚಿಹ್ನೆ (ಅಪಾಸ್ಟ್ರಫಿ) ಹಾಕಬೇಕು. ಮರೆತರೆ ಮಾರ್ಕ್ಸ್ ಹೋಗುತ್ತದೆ.

ಬಹುವಚನದಲ್ಲಿ 'ಇ' ಬರುವ ಕಡೆ 'ಬೆಯ್': ಇ ಲೀಬ್ರಿ (ಪುಸ್ತಕಗಳು), ಬೆಯ್ ಲೀಬ್ರಿ. 'ಲ್ಯಿ' ಬರುವ ಕಡೆ 'ಬೆಲ್ಯಿ': ಲ್ಯಿ ಒಕ್ಕಿ (ಕಣ್ಣುಗಳು), ಬೆಲ್ಯಿ ಒಕ್ಕಿ. ಸ್ತಿವಾಲಿ ಅಂದರೆ ಬೂಟು, ಅದಕ್ಕೂ ಬೆಲ್ಯಿ ಸ್ತಿವಾಲಿ.

ಹೆಣ್ಣಿನ ಕಡೆ ನೆಮ್ಮದಿ. ಏಕವಚನಕ್ಕೆ ಬೆಲ್ಲಾ, ಬಹುವಚನಕ್ಕೆ ಬೆಲ್ಲೆ. ಉನಾ ಬೆಲ್ಲಾ ಕಾಸಾ (ಮನೆ), ಬೆಲ್ಲೆ ಕಾಸೆ. ಸ್ವರದ ಮುಂದೆ ಏಕವಚನದ 'ಆ' ಬಿಡಬಹುದು, ಬಿಡದೆಯೂ ಇರಬಹುದು. 'ಉನಾ ಬೆಲ್ಲಾ ಇದೇಯಾ' ಅಂದರೂ ಸರಿ, 'ಬೆಲ್ಲಿದೇಯಾ' ಅಂದರೂ ಸರಿ.

'ಆ' ಅನ್ನುವ ಅರ್ಥದ 'ಕ್ವೆಲ್ಲೊ' ಕೂಡ ಇದೇ ಆಟ ಆಡುತ್ತದೆ: ಕ್ವೆಲ್, ಕ್ವೆಲ್ಲೊ, ಕ್ವೆಯ್, ಕ್ವೆಲ್ಯಿ. ಎರಡನ್ನೂ ಒಟ್ಟಿಗೆ ಕಲಿಯಿರಿ, ಒಂದೇ ಕಷ್ಟಕ್ಕೆ ಎರಡು ಪದ ಬಂದ ಹಾಗಾಯ್ತು.

ಕನ್ನಡಿಗೆ 'ಉನೊ ಸ್ಪೆಕ್ಯೊ' ಅಂತ ಕಲಿತಿದ್ದೆ. ಇಲ್ಲಿ 'ಉನ್' ಅಂತ ಹೇಗಾಯ್ತು?

ಯಾಕೆಂದರೆ ಉಪಪದ ನೋಡುವುದು ಪಕ್ಕದ ಪದದ ಮೊದಲ ಶಬ್ದವನ್ನು, ನಾಮಪದವನ್ನಲ್ಲ. 'ಉನೊ ಸ್ಪೆಕ್ಯೊ' ಸರಿ, ಆದರೆ ನಡುವೆ 'ಬೆಲ್ಲೊ' ಬಂದು ಕೂತ ಮೇಲೆ ಉಪಪದದ ಪಕ್ಕದಲ್ಲಿರುವುದು 'ಬ', ಹಾಗಾಗಿ 'ಉನ್ ಬೆಲ್ಲೊ ಸ್ಪೆಕ್ಯೊ'. 'ಲ್ಯಿ ಒಕ್ಕಿ' ಇದ್ದದ್ದು 'ಇ ಬೆಲ್ಯಿ ಒಕ್ಕಿ' ಆಗುತ್ತದೆ.

ಇದೇ ನಿಯಮ 'ಬೆಲ್ಲೊ'ಗೂ ಅನ್ವಯ. ಮರದ ಮುಂದೆ 'ಬೆಲ್ಲಾಲ್ಬೆರೊ' ಅಂದೆವು. ಮರ ಹಳೆಯದಾಗಿದ್ದು ನಡುವೆ 'ವೆಕ್ಯೊ' ಬಂದರೆ? 'ಉನ್ ಬೆಲ್ ವೆಕ್ಯೊ ಆಲ್ಬೆರೊ'. ಪಕ್ಕದಲ್ಲಿ ಯಾರಿದ್ದಾರೆ ಅನ್ನುವುದಷ್ಟೇ ಮುಖ್ಯ.

ನಾಮಪದ ಮೊದಲು ಬಂದು 'ಬೆಲ್ಲೊ' ಆಮೇಲೆ ಬಂದರೆ?

ಆಗ ವೇಷವೆಲ್ಲ ಕಳಚಿ ನಾಲ್ಕೇ ರೂಪ ಉಳಿಯುತ್ತದೆ: ಬೆಲ್ಲೊ, ಬೆಲ್ಲಾ, ಬೆಲ್ಲಿ, ಬೆಲ್ಲೆ. 'ಲಾ ವೀತಾ ಎ ಬೆಲ್ಲಾ' (ಬದುಕು ಚಂದ), 'ಇಲ್ ಲೀಬ್ರೊ ಎ ಬೆಲ್ಲೊ'. ತುಂಬ ಜನ ಎಡವುವುದು ಬಹುವಚನದಲ್ಲಿ. 'ಬೆಲ್ಯಿ ಒಕ್ಕಿ' ಬಾಯಿಪಾಠವಾದ ಮೇಲೆ 'ಒಕ್ಕಿ ಸೋನೊ ಬೆಲ್ಯಿ' ಅಂದುಬಿಡುತ್ತಾರೆ. ಅದು ತಪ್ಪು. 'ಲ್ಯಿ ಒಕ್ಕಿ ಸೋನೊ ಬೆಲ್ಲಿ' ಅನ್ನಬೇಕು. 'ಬೆಲ್', 'ಬೆಯ್', 'ಬೆಲ್ಯಿ' ಇವು ಮುಂದೆ ಆಸರೆಗೆ ಒಂದು ಪದ ಇಲ್ಲದೆ ನಿಲ್ಲುವುದೇ ಇಲ್ಲ.

ಯಾವ ಪದ ಗಂಡು, ಯಾವುದು ಹೆಣ್ಣು ಅಂತ ಹೇಗೆ ಗೊತ್ತಾಗುತ್ತದೆ?

'ಒ'ದಿಂದ ಮುಗಿದರೆ ಸಾಮಾನ್ಯವಾಗಿ ಗಂಡು, 'ಆ'ದಿಂದ ಮುಗಿದರೆ ಹೆಣ್ಣು, 'ಎ' ಬಂದರೆ ಎರಡೂ ಆಗಬಹುದು. ಆದರೆ 'ಮಾನೊ' (ಕೈ) ಹೆಣ್ಣು: ಉನಾ ಬೆಲ್ಲಾ ಮಾನೊ. 'ಪ್ರೊಬ್ಲೇಮಾ' ಗಂಡು: ಉನ್ ಬೆಲ್ ಪ್ರೊಬ್ಲೇಮಾ. ಅಂದ ಹಾಗೆ ಇದರ ಅರ್ಥ ಸುಂದರ ಸಮಸ್ಯೆ ಅಂತಲ್ಲ, 'ಒಳ್ಳೆ ತಲೆನೋವು ಬಂತಲ್ಲ' ಅಂತ.

ಮುಂದೆ ಬಂದರೆ ಒಂದು ಅರ್ಥ, ಹಿಂದೆ ಬಂದರೆ ಇನ್ನೊಂದಾ?

ಸ್ವಲ್ಪ ಮಟ್ಟಿಗೆ ಹೌದು. ಮಾಮೂಲಿಯಾಗಿ 'ಬೆಲ್ಲೊ' ಮುಂದೇ ಬರುತ್ತದೆ, ಆಗ ಮಾತು ಸಡಿಲ: ಒಳ್ಳೆಯದು, ಹಿಡಿಸಿತು, ಚೆನ್ನಾಗಿದೆ. ಹಿಂದೆ ಬಂದರೆ ಒತ್ತು ಬೀಳುತ್ತದೆ. 'ಉನಾ ಮಾಕ್ಕಿನಾ ಬೆಲ್ಲಾ' ಅಂದರೆ ಬೇರೆ ಕಾರುಗಳ ಥರ ಅಲ್ಲ, ನೋಡೋಕೆ ನಿಜಕ್ಕೂ ಚಂದ ಇರುವ ಕಾರು.

'ಉನಾ ಬೆಲ್ಲಾ ಪೆರ್ಸೋನಾ' ಅನ್ನುವುದನ್ನು ವಿಶೇಷವಾಗಿ ನೆನಪಿಡಿ. ರೂಪದ ಬಗ್ಗೆ ಅಲ್ಲ ಆ ಮಾತು. ಮನಸ್ಸು ಒಳ್ಳೆಯದು, ಒಳ್ಳೆ ಮನುಷ್ಯ ಅಂತ. ಎಂಬತ್ತು ವರ್ಷದ ಅಜ್ಜನಿಗೂ ಹೇಳುತ್ತಾರೆ. ಪೆರ್ಸೋನಾ ಹೆಣ್ಣು ಪದ, ಹಾಗಾಗಿ ಅಜ್ಜನಾದರೂ 'ಬೆಲ್ಲಾ'ನೇ.

ಊಟ ಚೆನ್ನಾಗಿದೆ ಅನ್ನೋಕೆ 'ಬೆಲ್ಲೊ' ಬಳಸಬಹುದಾ?

ರುಚಿಗೆ ಬೇಡ, ರುಚಿಗೆ 'ಬ್ವೋನೊ'. ಪಾಸ್ತಾ ಹೇಗಿದೆ ಅಂತ ಕೇಳಿದರೆ 'ಬ್ವೋನಾ!' ಅನ್ನಿ. 'ಬೆಲ್ಲಾ' ಅಂದರೆ ತಟ್ಟೆಯಲ್ಲಿ ಚೆನ್ನಾಗಿ ಕಾಣುತ್ತಿದೆ ಅಂತಾಗುತ್ತದೆ, ಅಡುಗೆ ಮಾಡಿದವರು ಇನ್ನೂ ತಿಂದೇ ಇಲ್ವಾ ಅಂತ ನೋಡುತ್ತಾರೆ. ಆದರೆ 'ಉನ್ ಬೆಲ್ ಕಫ್ಫೆ' ಅಂತ ಧಾರಾಳವಾಗಿ ಹೇಳಬಹುದು, ಅದು 'ಒಂದು ಒಳ್ಳೆ ಕಾಫಿ ಕುಡಿಯೋಣ' ಅನ್ನುವ ಥರದ್ದು, ರುಚಿಯ ತೀರ್ಪಲ್ಲ. ಚೆನ್ನಾಗಿ ಕೆಲಸ ಮಾಡಿದವರಿಗೆ, ಹಾಡಿದವರಿಗೆ 'ಬ್ರಾವೊ', ಹೆಂಗಸಾದರೆ 'ಬ್ರಾವಾ'. ಕನ್ನಡದ ಒಂದೇ 'ಚೆನ್ನಾಗಿದೆ', 'ಚೆನ್ನಾಗಿ ಮಾಡಿದೆ' ಅಲ್ಲಿ ಮೂರು ಪದಗಳಿಗೆ ಹಂಚಿಹೋಗುತ್ತದೆ.

'ಮಿನೆಸ್ತ್ರಾ ಬೆಲ್ಲಾ ಕಾಲ್ದಾ' ಅಂತ ಕೇಳಿದೆ. ಸುಂದರವಾದ ಬಿಸಿ ಸೂಪಾ?

ಒಳ್ಳೆ ಬಿಸಿ ಬಿಸಿ ಸೂಪು ಅಂತ. ಇಲ್ಲಿ 'ಬೆಲ್ಲಾ' ಇನ್ನೊಂದು ಗುಣವಾಚಕದ ಮುಂದೆ ಬಂದು ಅದಕ್ಕೆ ಜೋರು ಕೊಡುತ್ತದೆ. ನಮ್ಮ 'ಒಳ್ಳೆ' ಇದನ್ನೇ ತಾನೆ ಮಾಡೋದು? ವ್ಯತ್ಯಾಸ ಇಷ್ಟೇ, ಅಲ್ಲಿ ಲಿಂಗ ವಚನ ಹೊಂದಬೇಕು: ಕಫ್ಫೆ ಗಂಡು, ಹಾಗಾಗಿ 'ಬೆಲ್ಲೊ ಕಾಲ್ದೊ'.

ನಾಮಪದಕ್ಕೂ ಹೀಗೇ ಜೋರು ಕೊಡಬಹುದು. 'ಉನಾ ಬೆಲ್ಲಾ ಫೆಬ್ಬ್ರೆ' ಅಂದರೆ ಒಳ್ಳೆ ಜ್ವರ, 'ಉನ್ ಬೆಲ್ಲೊ ಸ್ಕಿಯಾಫ್ಫೊ' ಅಂದರೆ ಮೊದಲು ಹೇಳಿದ ಆ ಏಟು, 'ಉನ್ ಬೆಲ್ಲೊ ಸ್ಪವೆಂತೊ' ಅಂದರೆ ಎದೆ ಧಸಕ್ಕೆನ್ನುವ ಹೆದರಿಕೆ. 'ಉನ್ ಬೆಲ್ ಪೊ' ಅಂದರೆ ಸಾಕಷ್ಟು, 'ಉನ್ ಬೆಲ್ ನಿಯೆಂತೆ' ಅಂದರೆ ಏನೇನೂ ಇಲ್ಲ, ಸೊನ್ನೆ. 'ಬುಜೀಯಾ ಬೆಲ್ಲಾ ಎ ಬ್ವೋನಾ' ಅಂದರೆ ಶುದ್ಧ ಸುಳ್ಳು. ಸುಳ್ಳಿಗೆ ಚಂದ, ಒಳ್ಳೆ ಎರಡೂ ಸೇರಿಸಿದ್ದಾರೆ ನೋಡಿ.

ಬೈಯೋದಕ್ಕೂ ಬಳಸುತ್ತಾರಾ?

ಚೆನ್ನಾಗಿ ಬಳಸುತ್ತಾರೆ. ಸಮಯಕ್ಕೆ ಕೈಕೊಟ್ಟ ಗೆಳೆಯನಿಗೆ 'ಬೆಲ್ಲಮೀಕೊ ಸೇಯ್!' ಅಂದರೆ 'ಒಳ್ಳೆ ಫ್ರೆಂಡ್ ಕಣೋ ನೀನು!'. 'ಬೆಲ್ಲಾ ರೋಬಾ!' ಅಂದರೆ 'ಒಳ್ಳೆ ಕೆಲಸ ಆಯ್ತು ಬಿಡು'. ಪದ ನೋಡಿ ಖುಷಿಪಡಬೇಡಿ, ಮೊದಲು ದನಿ ಕೇಳಿ.

'ಕೆ ಬೆಲ್ಲೊ!' ಅನ್ನಬೇಕಾ, 'ಕೆ ಬೆಲ್ಲಾ!' ಅನ್ನಬೇಕಾ?

ಒಟ್ಟು ಸಂಗತಿಗೆ ಖುಷಿಯಾದರೆ 'ಕೆ ಬೆಲ್ಲೊ!'. ನಾಳೆ ರಜೆ ಅಂದರು, 'ಕೆ ಬೆಲ್ಲೊ!'. ಹೇಳುವವರು ಹೆಂಗಸಾದರೂ ಅದೇ, ಯಾಕೆಂದರೆ ಅದು ಹೇಳುವವರ ಲಿಂಗ ನೋಡುವುದಿಲ್ಲ. ಕಣ್ಣೆದುರಿನ ವಸ್ತುವನ್ನೇ ಹೊಗಳಿದರೆ ಅದರ ಪ್ರಕಾರ: ಮನೆ ನೋಡಿ 'ಕೆ ಬೆಲ್ಲಾ!', ಮಗು ನೋಡಿ 'ಕೆ ಬೆಲ್ ಬಂಬೀನೊ!', ಕಣ್ಣು ನೋಡಿ 'ಕೆ ಬೆಲ್ಯಿ ಒಕ್ಕಿ!'.

'ತುಂಬಾ ಚಂದ', 'ಇನ್ನೂ ಚಂದ' ಹೇಗೆ?

ಬೆಲ್ಲಿಸ್ಸಿಮೊ, ಪಿಯು ಬೆಲ್ಲೊ. 'ಬೆಲ್ಲಿಸ್ಸಿಮೊ'ಗೆ ನಾಲ್ಕೇ ರೂಪ, ಎಲ್ಲಿ ಇಟ್ಟರೂ ಕತ್ತರಿ ಬೀಳುವುದಿಲ್ಲ. 'ಬೆಲ್ಯಿ' ಹೇಳೋಕೆ ಬರದಿದ್ದರೆ 'ಬೆಲ್ಲಿಸ್ಸಿಮಿ ಒಕ್ಕಿ' ಅಂದು ಪಾರಾಗಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ದಿನನಿತ್ಯ ಕಿವಿಗೆ ಬೀಳುವ ನುಡಿಗಟ್ಟುಗಳು ಯಾವುವು?

ಬೇಕಾದಷ್ಟಿವೆ, ನನಗೆ ಇಷ್ಟವಾದವನ್ನು ಹೇಳುತ್ತೇನೆ.

'ಕೆ ಫಾಯ್ ದಿ ಬೆಲ್ಲೊ?' ಅಂದರೆ 'ಏನ್ ಸಮಾಚಾರ, ಏನ್ ಮಾಡ್ತಿದ್ದೀಯ?'. ಚಂದದ್ದೇನೂ ಮಾಡುತ್ತಿರಬೇಕಾಗಿಲ್ಲ, ಸುಮ್ನೆ ಕೂತಿದ್ದೀನಿ ಅಂದರೂ ನಡೆಯುತ್ತದೆ.

'ಸುಲ್ ಪಿಯು ಬೆಲ್ಲೊ' ಅಂದರೆ ಇನ್ನೇನು ಮಜಾ ಬಂತು ಅನ್ನುವಷ್ಟರಲ್ಲಿ. ಮ್ಯಾಚಿನ ಕೊನೆಯ ನಿಮಿಷಕ್ಕೆ ಸರಿಯಾಗಿ ಕರೆಂಟ್ ಹೋಯಿತಲ್ಲ, ಅದು. 'ಇಲ್ ಬೆಲ್ಲೊ ಎ ಕೆ...' ಅಂತ ಶುರುಮಾಡಿದರೆ 'ತಮಾಷೆ ಏನಪ್ಪಾ ಅಂದ್ರೆ...'.

ಶಾಲೆಯಲ್ಲಿ ಮಕ್ಕಳು ಪ್ರಬಂಧ ಬರೆಯುವಾಗ ಮೊದಲು 'ಬ್ರುತ್ತಾ ಕೋಪಿಯಾ', ಕಾಟು ಗೀಟು ಎಲ್ಲ ಇರುವ ಕರಡು. ಆಮೇಲೆ ಅದನ್ನೇ ನೀಟಾಗಿ ಎತ್ತಿ ಬರೆದದ್ದು 'ಬೆಲ್ಲಾ ಕೋಪಿಯಾ'. ಬ್ರುತ್ತೊ ಅಂದರೆ ಕುರೂಪ, 'ಬೆಲ್ಲೊ'ಗೆ ಎದುರು ಪದ. ಇದೇ ಜೋಡಿ 'ಫಿಗೂರಾ' ಜೊತೆಗೂ ಬರುತ್ತದೆ. ನಾಲ್ಕು ಜನರ ಮುಂದೆ ಮರ್ಯಾದೆ ಉಳಿಸಿಕೊಂಡರೆ 'ಬೆಲ್ಲಾ ಫಿಗೂರಾ', ಮಾನ ಹೋದರೆ 'ಬ್ರುತ್ತಾ ಫಿಗೂರಾ'.

ಇನ್ನು ಕೆಲವು ಕಡೆ 'ಬೆಲ್ಲಾ', 'ಬೆಲ್ಲೆ' ಒಂಟಿಯಾಗಿ ಬರುತ್ತವೆ, ಯಾವ ನಾಮಪದ ಅಂತ ಹುಡುಕಬೇಡಿ, ಇಲ್ಲ. 'ಲಾಯ್ ಸ್ಕಂಪಾತಾ ಬೆಲ್ಲಾ' ಅಂದರೆ ಸ್ವಲ್ಪದರಲ್ಲಿ ಬಚಾವಾದೆ. 'ನೆ ಆ ಕೊಂಬಿನಾತೆ ದೆಲ್ಲೆ ಬೆಲ್ಲೆ' ಅಂದರೆ ಭಾರೀ ಕಿತಾಪತಿ ಮಾಡಿದ್ದಾನೆ.

ಕಷ್ಟದ್ದು ಒಂದಿದೆ: 'ಆಯ್ ಉನ್ ಬೆಲ್ ಗ್ರಿದಾರೆ'. ಪದಕ್ಕೆ ಪದ ಇಟ್ಟರೆ ಏನೂ ಹೊಳೆಯುವುದಿಲ್ಲ. ಅರ್ಥ: ನೀನು ಎಷ್ಟೇ ಕಿರುಚಿದರೂ ಪ್ರಯೋಜನ ಇಲ್ಲ.

'ಬೆಲ್ ಬೆಲ್ಲೊ' ಅಂತ ಎರಡು ಸಲ ಬರೆದಿದ್ದಾರೆ, ಅಚ್ಚಿನ ತಪ್ಪಾ?

ಅಲ್ಲ. ಅದು ಕ್ರಿಯಾವಿಶೇಷಣ, ನಿಧಾನವಾಗಿ, ಆರಾಮವಾಗಿ ಅಂತ. ಇಟಲಿಯ ಶಾಲಾ ಮಕ್ಕಳೆಲ್ಲ ಓದುವ ಮಾಂಜೋನಿಯ 'ಇ ಪ್ರೊಮೆಸ್ಸಿ ಸ್ಪೋಸಿ' ಕಾದಂಬರಿಯ ಮೊದಲ ಅಧ್ಯಾಯದಲ್ಲಿ, 1628ರ ನವೆಂಬರ್ 7ರ ಸಂಜೆ ಪಾದ್ರಿ ದೋನ್ ಅಬ್ಬೊಂದಿಯೊ ವಾಕಿಂಗ್ ಮುಗಿಸಿ 'ಬೆಲ್ ಬೆಲ್ಲೊ' ಮನೆಗೆ ಬರುತ್ತಿರುತ್ತಾನೆ. ದಾರಿಯಲ್ಲಿ ಗೂಂಡಾಗಳು ಕಾಯುತ್ತಿರುತ್ತಾರೆ ಅನ್ನುವುದು ಬೇರೆ ಮಾತು. ಇವತ್ತಿನ ಮಾತಿನಲ್ಲಿ ಇದು ಅಪರೂಪ.

ಲ್ಯಾಟಿನ್ನಿನಲ್ಲಿ 'ಬೆಲ್ಲುಮ್' ಅಂದರೆ ಯುದ್ಧ. ಅದಕ್ಕೂ ಇದಕ್ಕೂ ನಂಟಿದೆಯಾ?

ಇಲ್ಲ. 'ಬೆಲ್ಲೊ' ಬಂದದ್ದು 'ಬೆಲ್ಲುಸ್' ಅನ್ನುವ ಬೇರೆ ಪದದಿಂದ. ಅದು 'ಬೊನುಸ್' (ಒಳ್ಳೆಯ) ಅನ್ನುವುದರ ಮುದ್ದಿನ ರೂಪ. 'ಒಳ್ಳೆ' ಅನ್ನುವ ಅರ್ಥ ಬೇರಿನಲ್ಲೇ ಇದೆ ಅಂತಾಯ್ತು. ಲ್ಯಾಟಿನ್ನಿನಲ್ಲಿ ಸುಂದರಕ್ಕೆ ಇದ್ದ ಮಾಮೂಲಿ ಪದ 'ಪುಲ್ಕೆರ್', ಅದು ಜನರ ಮಾತಿನಿಂದ ಅಳಿಸಿಹೋಯಿತು. ಇಟಲಿ, ಫ್ರಾನ್ಸ್ ಕಡೆ 'ಬೆಲ್ಲುಸ್' ಉಳಿಯಿತು, ಸ್ಪೇನ್ ಕಡೆ 'ಫೊರ್ಮೋಸುಸ್' ಅನ್ನುವುದು 'ಎರ್ಮೋಸೊ' ಆಯಿತು. ಯುದ್ಧಕ್ಕೆ ಇಟಾಲಿಯನ್ನಿನಲ್ಲಿ 'ಗ್ವೆರ್ರಾ', ಅದು ಜರ್ಮಾನಿಕ್ ಮೂಲದ್ದು. ಆದರೆ 'ಬೆಲ್ಲಿಕೊ' ಅಂತ ಪೇಪರಿನಲ್ಲಿ ಕಂಡರೆ ಎಚ್ಚರ, ಅದು ಯುದ್ಧದ ಕಡೆಯದೇ.

ಪಿಯುಸಿಯಲ್ಲಿ ಫ್ರೆಂಚ್ ತಗೊಂಡಿದ್ದೆ. ಅಲ್ಲಿನ 'ಬೊ, ಬೆಲ್' ಇಲ್ಲಿ ಉಪಯೋಗಕ್ಕೆ ಬರುತ್ತದಾ?

ಅರ್ಥಕ್ಕೆ ಬರುತ್ತದೆ, ರೂಪಕ್ಕೆ ಬಂದರೆ ಕಷ್ಟ. ಫ್ರೆಂಚಿನಲ್ಲಿ 'ಬೆಲ್' ಸ್ವರದ ಮುಂದೆ, ಇಟಾಲಿಯನ್ನಿನಲ್ಲಿ 'ಬೆಲ್' ವ್ಯಂಜನದ ಮುಂದೆ. ಪೂರ್ತಿ ಉಲ್ಟಾ.

ಪತ್ರಿಕೆಗಳಲ್ಲಿ ಬರುವ 'ಬೆಲ್ ಪಯೇಸೆ' ಯಾವ ದೇಶ?

ಇಟಲಿಯೇ. 'ಬೆಲ್ ಪಯೇಸೆ' ಅಂದರೆ ಚಂದದ ನಾಡು. ಇಟಲಿಯ ಕವಿ ದಾಂತೆ ತನ್ನ ಕಾವ್ಯದ 'ನರಕ' ಭಾಗದ 33ನೇ ಸರ್ಗದಲ್ಲಿ ಪೀಸಾ ಊರಿನವರನ್ನು ಬೈಯುತ್ತಾ, 'ಸಿ' ಅನ್ನುವ ಸದ್ದು ಕೇಳಿಸುವ ಆ 'ಬೆಲ್ ಪಯೇಸೆ'ಯ ಜನಕ್ಕೆ ನೀವು ಅವಮಾನ ಅನ್ನುತ್ತಾನೆ. 'ಸಿ' ಅಂದರೆ ಹೌದು. ಹೌದು ಅನ್ನೋದಕ್ಕೆ ಬಳಸುವ ಪದದಿಂದಲೇ ನಾಡನ್ನು ಗುರುತಿಸಿದ್ದಾನೆ. ಆಮೇಲೆ ಕವಿ ಪೆತ್ರಾರ್ಕನೂ ಈ ಮಾತನ್ನು ಬಳಸಿದ. 1876ರಲ್ಲಿ ಅಂತೋನಿಯೊ ಸ್ತೊಪ್ಪಾನಿ ಅನ್ನುವ ಪಾದ್ರಿ, ಭೂವಿಜ್ಞಾನಿ, ಇಟಲಿಯ ಬೆಟ್ಟ ಗುಡ್ಡಗಳ ಬಗ್ಗೆ ಬರೆದ ಪುಸ್ತಕಕ್ಕೆ ಇದೇ ಹೆಸರಿಟ್ಟ. 1906ರಲ್ಲಿ ಎಜೀದಿಯೊ ಗಲ್ಬಾನಿ ಒಂದು ಮೆತ್ತನೆಯ ಚೀಸ್ ಮಾಡಿ ಅದಕ್ಕೂ ಅದೇ ಹೆಸರಿಟ್ಟು, ಸ್ತೊಪ್ಪಾನಿಯ ಮುಖವನ್ನೇ ಲೇಬಲ್ಲಿಗೆ ಅಂಟಿಸಿದ. ದಾಂತೆಯ ಬೈಗುಳ ಚೀಸ್ ಡಬ್ಬಿಗೆ ಬಂದ ಕಥೆ ಇದು.

ಹಾಗಂತ 'ಬೆಲ್ಲಾ' ಅಂತ ಕಂಡದ್ದೆಲ್ಲ ಈ ಪದ ಅಂತ ತಿಳಿಯಬೇಡಿ. ಮಜ್ಜೋರೆ ಸರೋವರದ 'ಈಸೊಲಾ ಬೆಲ್ಲಾ' ದ್ವೀಪ ಚಂದ ಇರುವುದೇನೋ ನಿಜ, ಆದರೆ ಹೆಸರು ಬಂದದ್ದು ಬೊರ್ರೊಮೇಯೊ ಮನೆತನದ ಇಸಾಬೆಲ್ಲಾ ಅನ್ನುವ ಸೊಸೆಯಿಂದ.

ಪರಿಚಯದವರನ್ನು 'ಚಾವೊ ಬೆಲ್ಲಾ' ಅಂತ ಮಾತಾಡಿಸಬಹುದಾ?

ಗೆಳತಿಯರು ಅವರವರಲ್ಲಿ ಹೇಳಿಕೊಳ್ಳುತ್ತಾರೆ, ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತಾರೆ. ಗುರುತಿಲ್ಲದ ಹೆಂಗಸಿಗೆ ಹೇಳಬೇಡಿ, ಚುಡಾಯಿಸಿದ ಹಾಗಾಗುತ್ತದೆ. 'ಸೆಂತಿ, ಬೆಲ್ಲೊ' ಅಂತ ಯಾರಾದರೂ ನಿಮಗೆ ಅಂದರೆ ಅದು ಪ್ರೀತಿಯಲ್ಲ, 'ಕೇಳಿಲ್ಲಿ, ಗುರೂ' ಅಂತ ಜಗಳಕ್ಕೆ ಮೊದಲು ಬರುವ ಮಾತು. ಇನ್ನು ರೋಮ್, ಮಿಲಾನ್ ಕಡೆ ಹುಡುಗರು ಬರೀ 'ಬೆಲ್ಲಾ!' ಅಂದರೆ ಅದು ನಮಸ್ಕಾರ. ಹುಡುಗ ಹುಡುಗನಿಗೂ ಅದೇ, ಲಿಂಗ ಸರಿಮಾಡೋಕೆ ಹೋಗಬೇಡಿ.

ಅಭ್ಯಾಸಕ್ಕೆ ಒಂದೆರಡು ವಾಕ್ಯ ಕೊಡಿ.

ತಗೊಳ್ಳಿ, ಬಿಟ್ಟ ಸ್ಥಳ ತುಂಬಿ. ಉನ್ ___ ಜಾರ್ದೀನೊ (ತೋಟ). ದೂಯೆ ___ ಸ್ಪೆಕ್ಕಿ (ಎರಡು ಕನ್ನಡಿಗಳು). ಇ ಕಪೆಲ್ಲಿ ಸೋನೊ ___ (ಕೂದಲು). ಕೆ ___ ಸ್ಪಿಯಾಜ್ಜೆ! (ಬೀಚುಗಳು).

ಉತ್ತರ ಕ್ರಮವಾಗಿ ಬೆಲ್, ಬೆಲ್ಯಿ, ಬೆಲ್ಲಿ, ಬೆಲ್ಲೆ. ಕೊನೆಯದಕ್ಕೆ 'ಬೆಲ್ಯಿ' ಅಂತ ಬರೆದವರು ಎಸ್ ನೋಡಿ ಮೋಸಹೋಗಿದ್ದಾರೆ. ಸ್ಪಿಯಾಜ್ಜಾ ಹೆಣ್ಣು ಪದ, ಅದಕ್ಕೆ ಎಸ್ ಬಂದರೂ ಝಡ್ ಬಂದರೂ ಒಂದೇ.